ಎಂಟು ಹಾಳೆಯ ಪುಸ್ತಕ

ಬುಧವಾರ, ತಾರೀಕು ಹನ್ನೆರಡು
ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆಯಿಂದ

ನನ್ನ ಮೊಂಡಿಗೆ,

ನಿನ್ನ ಸೋದರತ್ತೆ ಮಾಡುವ ಆಶೀರ್ವಾದ. ಸದ್ಯಕ್ಕೆ ಅರ್ಧ ಮಾತ್ರ. ಉಳಿದರ್ಧ ಪತ್ರವನ್ನು ಕೊನೆಯವರೆಗೆ ಓದಿದರೆ ಕೊಡುತ್ತೇನೆ.

ಪೆಟ್ಟಿಗೆ ಬಿಚ್ಚುವ ಮುಂಚೆ ಇದನ್ನು ಓದು. ಬಿಚ್ಚಿಬಿಟ್ಟಿದ್ದರೆ ಒಳಗಿರುವ ಕೆಂಪು ಕಾಗದದ ಪೊಟ್ಟಣ ಮುಟ್ಟಬೇಡ. ಮುಟ್ಟಿಬಿಟ್ಟಿದ್ದರೆ ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡು ಬಾ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಪತ್ರವನ್ನು ಎಲ್ಲಕ್ಕಿಂತ ಮೇಲೆ ಇಟ್ಟರೂ ನಿನ್ನ ಕೈ ಮೊದಲು ತಳಕ್ಕೇ ಹೋಗಿರುತ್ತದೆ.

ಫೋನ್ ಇರುವಾಗ ಈ ಮುದುಕಿಗೆ ಪತ್ರದ ಹುಚ್ಚು ಯಾಕೆ ಎನ್ನುತ್ತೀಯ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಬಾಯಿ ಹಾಕಿದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದರೆ ಫೋನ್ ಇಟ್ಟುಬಿಡುತ್ತೇನೆ. ಹೋದ ಸಲ ಇಟ್ಟದ್ದು ಸ್ವಲ್ಪ ಜೋರಾಯಿತು, ಅದರ ಬೆನ್ನು ಬಿರುಕು ಬಿಟ್ಟಿತು. ಬೈಂಡಿಂಗ್ ಬಟ್ಟೆ ಅಂಟಿಸಿ, ಒಂದು ದಿನ ಪ್ರೆಸ್ಸಿನ ಕೆಳಗಿಟ್ಟು ಸರಿಮಾಡಿದ್ದೇನೆ. ಈಗ ನೋಡಲು ಚಿಕ್ಕ ನಿಘಂಟಿನ ಹಾಗಿದೆ. ಮಾತು ಮಾತ್ರ ಎಲ್ಲೋ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಪತ್ರದಲ್ಲಾದರೆ ನಾನೊಬ್ಬಳೇ ಮಾತಾಡಬಹುದು, ನೀನು ತೆಪ್ಪಗೆ ಕೇಳಬೇಕು. ಅಕ್ಷರಗಳನ್ನು ದಪ್ಪಗೆ, ಎರಡೆರಡು ಗೆರೆ ಹಿಡಿದು ಬರೆಯುತ್ತಿದ್ದೇನೆ. ಹಗಲೆಲ್ಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನಿನ್ನ ಕಣ್ಣು ಸೋತಿರುತ್ತದೆ, ಓದಲು ಸುಲಭವಾಗಲಿ ಎಂದು.

ವಿಷಯಕ್ಕೆ ಬರುತ್ತೇನೆ. ಸೋಮವಾರ ನಿನ್ನ ಲ್ಯಾಬಿನ ಮೇಡಂ ಅಂಗಡಿಗೆ ಫೋನ್ ಮಾಡಿದ್ದರು. ಫೋನ್ ಎತ್ತಿದ ಕೂಡಲೇ ನಮಸ್ಕಾರ ಮೇಡಂ ಎಂದರು. ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಎದುರಂಗಡಿಯ ಟೈಲರ್ ಕೂತಿದ್ದ. ಅವನು ಮೇಡಂ ಅಲ್ಲ, ಹಾಗಾಗಿ ನಾನೇ ಎಂದು ತಿಳಿದುಕೊಂಡು ಹೂಂ ಎಂದೆ.

ಅವರು ಹೇಳಿದ್ದು ಇಷ್ಟು. ಇಪ್ಪತ್ತೊಂದನೇ ತಾರೀಕು ಹನ್ನೆರಡು ಸಣ್ಣ ಕಾಲೇಜುಗಳ ಮೇಷ್ಟ್ರುಗಳು ನಿನ್ನ ಕಾಗದದ ಪುಸ್ತಕಗಳನ್ನು ನೋಡಲು ಬರುತ್ತಾರೆ. ಮೆಚ್ಚಿದರೆ ತಮ್ಮ ತಮ್ಮ ಲ್ಯಾಬುಗಳಲ್ಲಿ ಶುರು ಮಾಡುತ್ತಾರೆ. ನೀನು ಮಾತ್ರ, ಈ ಪದ್ಧತಿಯನ್ನು ನಂಬಲಾಗುವುದಿಲ್ಲ, ಒಮ್ಮೆ ಬದುಕಿದ ಜೀವಕೋಶಗಳು ಇನ್ನೊಮ್ಮೆ ಕಾರಣವಿಲ್ಲದೆ ಸಾಯುತ್ತವೆ, ಅವರಿಗೆ ಬರಬೇಡಿ ಎಂದು ಹೇಳಿಬಿಡಿ ಎಂದು ಬರೆದುಕೊಟ್ಟಿದ್ದೀಯಂತೆ. ಎರಡು ವರ್ಷದ ಕೆಲಸವನ್ನು ಪೆಟ್ಟಿಗೆಗೆ ತುಂಬಿ ಹಗ್ಗ ಕಟ್ಟಿದ್ದೀಯಂತೆ. ಊಟ ಮಾಡುವುದಿಲ್ಲ, ಮಾತಾಡುವುದಿಲ್ಲ, ಮುಖ ಊದಿಸಿಕೊಂಡು ಗಾಜಿನ ಕೊಳವೆ ತೊಳೆದದ್ದನ್ನೇ ತೊಳೆಯುತ್ತೀಯಂತೆ. ಶುಕ್ರವಾರ ಸಂಜೆಯೊಳಗೆ ನಾನು ಆ ಕಾಲೇಜಿನವರಿಗೆ ಏನಾದರೂ ಒಂದು ಹೇಳಬೇಕು, ನೀವಾದರೂ ಅವಳ ಹತ್ತಿರ ಮಾತಾಡಿ ಎಂದರು.

ಆಮೇಲೆ ಇನ್ನೊಂದು ಮಾತು ಹೇಳಿದರು. ಅದನ್ನು ಕೊನೆಗೆ ಬರೆಯುತ್ತೇನೆ. ಅವಸರ ಮಾಡಬೇಡ.

ಇದರಲ್ಲಿ ನನ್ನ ಕೈ ಸೇರಿದ್ದು ನೆನಪಿದೆಯೇ? ಹೋದ ವರ್ಷ ರಜೆಗೆ ಬಂದವಳು ಊಟಕ್ಕೂ ಕೂರದೆ ನನ್ನ ಕೆಲಸದ ಮೇಜಿನ ಮೇಲೆ ಸೋಸುವ ಕಾಗದದ ಕಟ್ಟು ಬಿಚ್ಚಿ ಹರಡಿದೆ. ಒಂದೊಂದು ಹಾಳೆಯ ಮೇಲೂ ಮೇಣದಲ್ಲಿ ಬಳೆಗಳ ಹಾಗೆ ದುಂಡು ದುಂಡು ಗುರುತು. ಇದೇನು ಕಾಗದಕ್ಕೆ ಸಿಡುಬೇ ಎಂದು ಕೇಳಿದೆ. ನೀನು ಕೂತು ಹೇಳಿದೆ. ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಬಂದ ಮೇಷ್ಟ್ರು ಅಷ್ಟು ಚೆನ್ನಾಗಿ ಹೇಳಿದ್ದರೆ ನಾನು ಐದನೆಯದಕ್ಕೂ ಹೋಗುತ್ತಿದ್ದೆ.

ನೀನು ಹೇಳಿದ್ದನ್ನು ನಾನು ಮರೆತಿಲ್ಲ, ಬೇಕಾದರೆ ಒಪ್ಪಿಸುತ್ತೇನೆ. ಲ್ಯಾಬಿನ ಬಟ್ಟಲಿನಲ್ಲಿ ಜೀವಕೋಶಗಳು ಚಾಪೆ ಹಾಸಿ ಮಲಗಿದವರ ಹಾಗೆ ಒಂದೇ ಸಾಲಾಗಿ ಬೆಳೆಯುತ್ತವೆ. ಮೈಯೊಳಗೆ ಹಾಗಲ್ಲ, ಅಲ್ಲಿ ಮಹಡಿಯ ಮೇಲೆ ಮಹಡಿ. ಒಳಗಿನ ಮಹಡಿಯವಕ್ಕೆ ಗಾಳಿ ಕಡಿಮೆ, ಊಟ ತಡ. ಕ್ಯಾನ್ಸರ್ ಗಡ್ಡೆಯೊಳಗೆ ಔಷಧಿ ಎಷ್ಟನೇ ಮಹಡಿಯವರೆಗೆ ಇಳಿಯಿತು ಎಂದು ತಿಳಿಯಬೇಕಾದರೆ ಲ್ಯಾಬಿನಲ್ಲೂ ಮಹಡಿ ಕಟ್ಟಬೇಕು. ಅದಕ್ಕೆ ಯಂತ್ರಗಳಿವೆ, ದೊಡ್ಡವರ ಮನೆಯಲ್ಲಿ ಮಾತ್ರ. ಸಣ್ಣ ಕಾಲೇಜಿನವರು ಅವುಗಳ ಚಿತ್ರ ನೋಡಿ ಸಮಾಧಾನ ಮಾಡಿಕೊಳ್ಳಬೇಕು. ಅದಕ್ಕೇ ನೀನು ಕಾಗದ ಹಿಡಿದೆ. ಮೇಣದ ಬಳೆ ಗೋಡೆಯ ಹಾಗೆ, ಹನಿ ಆಚೆ ಹರಿಯದು. ಬಳೆಯೊಳಗೆ ಲೋಳೆಯಲ್ಲಿ ಕಲಸಿದ ಜೀವಕೋಶದ ಹನಿ. ಅಂಥ ಎಂಟು ಹಾಳೆ ಒಂದರ ಮೇಲೊಂದು. ಗುಲಾಬಿ ಬಣ್ಣದ ನೀರಿನಲ್ಲಿ ನಾಲ್ಕು ದಿನ ಬೆಚ್ಚಗೆ ಇಟ್ಟು, ಆಮೇಲೆ ಒಂದೊಂದೇ ಹಾಳೆ ಬಿಡಿಸಿ, ಯಾವ ಮಹಡಿಯಲ್ಲಿ ಯಾರು ಬದುಕಿದ್ದಾರೆ ಎಂದು ನೋಡುವುದು.

ಎಲ್ಲ ಕೇಳಿ ನಾನು ಹೇಳಿದ್ದು ಒಂದೇ ಮಾತು. ಇದಕ್ಕೆ ಆ ಉದ್ದನೆಯ ಇಂಗ್ಲಿಷ್ ಹೆಸರು ಯಾಕೆ, ಇದು ಪುಸ್ತಕ ಅಲ್ವೇನೇ?

ನೀನು ಬಾಯಿ ಬಿಟ್ಟುಕೊಂಡು ನೋಡಿದೆ. ಅಲ್ಲಿಯವರೆಗೆ ನೀನು ಎಂಟು ಹಾಳೆಗಳನ್ನು ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಹಿಡಿಸುತ್ತಿದ್ದೆ, ಬಟ್ಟೆ ಒಣಹಾಕಿದ ಹಾಗೆ. ಹಾಳೆ ಜಾರಿ, ಮೂರನೇ ಮಹಡಿಯವರು ನಾಲ್ಕನೇ ಮಹಡಿಯ ಗೋಡೆಯ ಮೇಲೆ ಕೂರುತ್ತಿದ್ದರು. ಹಾಳೆ ಜಾರದ ಹಾಗೆ ನೋಡಿಕೊಳ್ಳುವುದನ್ನು ಬಿಟ್ಟರೆ ನನಗೆ ಈ ಲೋಕದಲ್ಲಿ ಇನ್ನೇನು ಬರುತ್ತದೆ? ಹಾಳೆಗಳನ್ನು ಮೇಜಿಗೆ ತಟ್ಟಿ ಅಂಚು ಕೂಡಿಸಿ, ಬೆನ್ನಿಗೆ ದಬ್ಬಣದಿಂದ ಮೂರು ತೂತು ಹಾಕಿ, ಒಂದೇ ದಾರದಲ್ಲಿ ಹೊಲಿದು, ತುದಿಗೆ ಜಾರುಗಂಟು ಹಾಕಿಕೊಟ್ಟೆ. ಹಾಳೆ ಎತ್ತಿ ಎತ್ತಿ ಹನಿ ಹಾಕಬಹುದು, ಮುಚ್ಚಿದರೆ ಬಳೆಯ ಮೇಲೆ ಬಳೆ ಕೂರುತ್ತದೆ, ಕೊನೆಗೆ ದಾರದ ಬಾಲ ಎಳೆದರೆ ಎಂಟೂ ಬಿಡಿಬಿಡಿ. ಬೆಂಕಿಪೊಟ್ಟಣದಷ್ಟು ಪುಸ್ತಕ. ನಾನು ಹೊಲಿದ ಪುಸ್ತಕಗಳಲ್ಲಿ ಅಷ್ಟು ಚಿಕ್ಕದು ಇನ್ನೊಂದಿಲ್ಲ. ನಾನು ಓದಿದ್ದೂ ಅದೊಂದೇ, ಅದರಲ್ಲಿ ಅಕ್ಷರ ಇರಲಿಲ್ಲವಲ್ಲ.

ಆ ವಾರ ನೀನು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟೆ, ನಾನು ಹೊಲಿದೆ. ನಲವತ್ತು ಪುಸ್ತಕ. ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಕೂಡಲೇ ಓಡಿ ಬಂದು ಅದೇ ಮೂಲೆಯಲ್ಲಿ ರಟ್ಟಿನ ಚೂರುಗಳ ಮೇಲೆ ಲೆಕ್ಕ ಬಿಡಿಸುತ್ತಿದ್ದೆಯಲ್ಲ, ಹಾಗೇ ಇತ್ತು. ಆಗಲೂ ತಲೆ ತಿನ್ನುತ್ತಿದ್ದೆ, ಈಗಲೂ ತಿಂದೆ. ನಿಮ್ಮಪ್ಪ, ಅಂದರೆ ನನ್ನ ಅಣ್ಣ, ಬಂದು ನೋಡಿ, ಇಬ್ಬರು ಮೊಂಡರೂ ಒಂದೇ ಮೇಜಿಗೆ ಹೊಂದಿದ್ದೀರಲ್ಲ ಎಂದು ನಕ್ಕು ಹೋದ.

ನಲವತ್ತೂ ಬದುಕಿದವು. ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ನೆಲ ಗುಡಿಸುವಷ್ಟು ಉದ್ದದ ಬಿಳಿ ಕೋಟು ಹಾಕಿಸಿದೆ, ಚಪ್ಪಲಿಗೆ ಚೀಲ ತೊಡಿಸಿದೆ, ಉಸಿರು ಬಿಡಬೇಡ ಅಂದೆ. ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಬದುಕಿದವು ಹಸಿರು, ಸತ್ತವು ಕೆಂಪು. ನಾನು ಕಣ್ಣಾರೆ ನೋಡಿದೆ. ಎಷ್ಟು ಚೆನ್ನಾಗಿದ್ದವು. ಮೇಡಂ ಎದುರಿಗೂ ಹಾಗೇ ಹೇಳಿದೆ.

ಆಮೇಲೆ ಈ ಸಲದ್ದು. ಇಪ್ಪತ್ತೊಂದರ ಪ್ರದರ್ಶನಕ್ಕೆ ಅರವತ್ತು ಪುಸ್ತಕ ಬೇಕು, ನನಗೆ ಬರಲಾಗುವುದಿಲ್ಲ, ಕಾಗದ ಕಳಿಸುತ್ತೇನೆ, ಹೋದ ಸಲದ ಹಾಗೇ ಹೊಲಿದು ಕಳಿಸು ಎಂದೆ. ಹೊಲಿದೆ. ಕಳಿಸಿದೆ. ಹನ್ನೊಂದು ದಿನದ ಹಿಂದೆ ನೀನು ಫೋನ್ ಮಾಡಿದೆ. ಅರವತ್ತರಲ್ಲಿ ಒಂದೂ ಬದುಕಲಿಲ್ಲ, ಎಲ್ಲ ಕೆಂಪು, ಬೆನ್ನಿನ ಕಡೆಯವು ಎಲ್ಲಕ್ಕಿಂತ ಮೊದಲು ಸತ್ತಿವೆ ಎಂದೆ. ನಿನ್ನ ದನಿ ಸಣ್ಣಗಿತ್ತು. ಅಳುತ್ತಿರಲಿಲ್ಲ, ಅತ್ತು ಮುಗಿಸಿದವಳ ದನಿ ಅದು.

“ಅತ್ತೆ, ಬೇಜಾರು ಮಾಡ್ಕೋಬೇಡ. ಈ ಸಲ ಏನಾದ್ರೂ ಬೇರೆ ಹಾಕಿದ್ಯಾ? ದಾರ, ಮೇಣ, ಏನಾದ್ರೂ?”

“ನಲವತ್ತಾರು ವರ್ಷದಿಂದ ಹೊಲೀತಿದೀನಿ ಕಣೇ. ನನ್ನ ಪುಸ್ತಕದಿಂದ ಇವತ್ತಿನವರೆಗೂ ಯಾರೂ ಸತ್ತಿಲ್ಲ. ಎಲ್ಲ ಹೋದ ಸಲದ ಹಾಗೇ ಇದೆ.”

ಹಾಗೆ ಹೇಳಿ ಫೋನ್ ಇಟ್ಟೆ. ಆ ಬಿರುಕು ಆಗ ಬಿಟ್ಟದ್ದೇ.

ಈಗ ನಿಜ ಹೇಳುತ್ತೇನೆ. ಕೂತಿದ್ದೀಯಾ? ನಿಂತಿದ್ದರೆ ಕೂರು. ಸುತ್ತ ಗಾಜಿನ ಸಾಮಾನಿದ್ದರೆ ದೂರ ಸರಿಸು.

ಹೋದ ಸಲದ ಹಾಗೆ ಇರಲಿಲ್ಲ. ಹೋದ ಸಲ ದಾರಕ್ಕೆ ಬರೀ ಜೇನುಮೇಣ ಉಜ್ಜಿದ್ದೆ. ಈ ಸಲ ದಾರಕ್ಕೆ ಅಂಟು ಸವರಿದೆ. ನನ್ನ ಅಂಟು. ಮೈದಾ ಹಿಟ್ಟು ಕುದಿಸಿ ಮಾಡಿದ್ದು. ನಿನಗೆ ಗೊತ್ತಿರುವುದೇ, ಅದರಲ್ಲಿ ನಾನು ಮೈಲುತುತ್ತು ಹಾಕುತ್ತೇನೆ, ಆ ನೀಲಿ ಹರಳು. ಚಿಕ್ಕವಳಿದ್ದಾಗ ಕಲ್ಲುಸಕ್ಕರೆ ಎಂದು ಬಾಯಿಗಿಡಲು ಹೋಗಿ ನನ್ನಿಂದ ಕೈ ಮೇಲೆ ಏಟು ತಿಂದಿದ್ದೆಯಲ್ಲ, ಅದೇ. ಅದನ್ನು ಹಾಕಿದ ಅಂಟಿಗೆ ಹುಳ ಹತ್ತುವುದಿಲ್ಲ, ಬೂಸು ಬರುವುದಿಲ್ಲ. ನಾನು ಬೈಂಡ್ ಮಾಡಿದ ಪುಸ್ತಕ ಮೂವತ್ತು ವರ್ಷವಾದರೂ ಹಾಗೇ ಇರುವುದು ಅದರಿಂದ.

ಯಾಕೆ ಸವರಿದೆ ಎನ್ನುತ್ತೀಯ. ಪುಸ್ತಕಗಳು ಹನ್ನೆರಡು ಕಾಲೇಜಿಗೆ ಹೋಗುತ್ತವೆ, ಎಲ್ಲೆಲ್ಲಿಯ ಪೆಟ್ಟಿಗೆಯಲ್ಲಿ ಎಷ್ಟು ತಿಂಗಳು ಕೂರುತ್ತವೋ, ದಾರವನ್ನು ಬೆಳ್ಳಿಹುಳ ತಿಂದರೆ ಗತಿಯೇನು ಎಂದು ಯೋಚಿಸಿದೆ. ನಿನ್ನ ಒಳ್ಳೆಯದಕ್ಕೇ ಮಾಡಿದ್ದು. ಬೆನ್ನಿನ ಕಡೆಯವು ಮೊದಲು ಸತ್ತವು ಎಂದು ನೀನು ಹೇಳಿದ ಕ್ಷಣವೇ ನನಗೆ ತಿಳಿದುಹೋಯಿತು. ದಾರ ಇರುವುದೇ ಬೆನ್ನಿನಲ್ಲಿ. ಆದರೂ ಬಾಯಿ ತನ್ನ ಪಾಡಿಗೆ ತಾನು ಬೇರೆ ಮಾತಾಡಿತು. ನನ್ನ ಬಾಯಿ ನಿನಗೆ ಹೊಸದೇ?

ಯೋಚಿಸಿ ನೋಡಿದರೆ ನಗುವೂ ಬರುತ್ತದೆ. ನಲವತ್ತಾರು ವರ್ಷ ನಾನು ದುಡಿದದ್ದು ಕಾಗದದಲ್ಲಿ ಯಾವ ಜೀವವೂ ಇರಬಾರದು ಎಂದು. ಹುಳ, ಬೂಸು, ಇಲಿ, ಏನಿದ್ದರೂ ಕೊಂದೆ. ನೀನು ಹುಟ್ಟಿ, ನನ್ನ ಮೇಜಿನ ಕೆಳಗೇ ಆಡಿ ಬೆಳೆದು, ಹೋಗಿ ಹೋಗಿ ಕಾಗದದೊಳಗೆ ಜೀವ ಸಾಕುವ ಕೆಲಸ ಹಿಡಿದೆ. ಬೇರೆ ಕೆಲಸವೇ ಸಿಗಲಿಲ್ಲವೇ ನಿನಗೆ?

ಸೋಮವಾರದ ಫೋನಿನ ಆ ಇನ್ನೊಂದು ಮಾತು ಇದು. ನೀನು ಬರೆದುಕೊಟ್ಟ ವರದಿಯಲ್ಲಿ ಕಾಗದ, ಮೇಣ, ನೀರು, ಬೆಚ್ಚನೆಯ ಪೆಟ್ಟಿಗೆ, ಎಲ್ಲವನ್ನೂ ಪರೀಕ್ಷೆ ಮಾಡಿ ನೋಡಿದೆ ಎಂದಿದೆಯಂತೆ. ದಾರದ ಹತ್ತಿರ ಮಾತ್ರ, ಹೊಲಿಗೆಯಲ್ಲಿ ಯಾವ ಬದಲಾವಣೆಯೂ ಇಲ್ಲ, ಹೊಲಿದವರನ್ನೇ ಕೇಳಿ ಖಚಿತ ಮಾಡಿಕೊಂಡಿದ್ದೇನೆ ಎಂದು ಬರೆದಿದ್ದೀಯಂತೆ. ಮೇಡಂ ಅದನ್ನು ಓದಿ ಹೇಳಿದರು. ಹೊಲಿದವರು ಅಂದರೆ ನಾನು. ನಾಲ್ಕನೇ ಕ್ಲಾಸು ಓದಿದವಳ ಸುಳ್ಳೊಂದು ನಿನ್ನ ವಿಜ್ಞಾನದೊಳಗೆ ನೀಟಾಗಿ ಟೈಪಾಗಿ ಕೂತಿದೆ. ಎಲ್ಲವನ್ನೂ ಅನುಮಾನಿಸಿದೆ, ನಿನ್ನನ್ನೇ ಅನುಮಾನಿಸಿಕೊಂಡೆ, ನನ್ನ ಮಾತೊಂದನ್ನು ಮಾತ್ರ ಹಾಗೇ ಒಪ್ಪಿಕೊಂಡೆ.

ಇಷ್ಟು ವರ್ಷ ಓದಿಸಿದವರು ಯಾರ ಮಾತನ್ನೂ ಪರೀಕ್ಷೆ ಮಾಡದೆ ನಂಬಬೇಡ ಎಂದು ನಿನಗೆ ಹೇಳಿಕೊಡಲಿಲ್ಲವೇ? ಅತ್ತೆಯಾದರೇನು, ಅತ್ತೆಯ ದಾರವನ್ನೂ ನೀರಿನಲ್ಲಿ ಹಾಕಿ ನೋಡಬೇಕಿತ್ತು. ತಪ್ಪು ನಿನ್ನದೂ ಇದೆ ಎಂದು ಬರೆಯಬೇಕೆಂದು ಕೂತೆ. ಬರೆದಾಯಿತು. ಓದಿದರೆ ಚೆನ್ನಾಗಿಲ್ಲ. ಹೊಡೆದು ಹಾಕಲು ಹೋದರೆ ಹಾಳೆ ಗಲೀಜಾಗುತ್ತದೆ, ಇರಲಿ. ನೀನು ಓದದಿದ್ದರಾಯಿತು.

ಮೇಡಂ ಫೋನ್ ಇಟ್ಟ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ನೀನು ಮಾಡದ ಪರೀಕ್ಷೆಯನ್ನು ನಾನೇ ಮಾಡಿದೆ. ಅಂಟು ಸವರಿದ ದಾರದ ಉಂಡೆ ಇನ್ನೂ ಉಳಿದಿತ್ತು. ನಿನಗೆ ಕಳಿಸಲು ಸ್ವಲ್ಪ ತೆಗೆದಿಟ್ಟು, ಮಿಕ್ಕದ್ದನ್ನು ಅರ್ಧ ಲೋಟ ಬಿಸಿನೀರಿನಲ್ಲಿ ನೆನೆಹಾಕಿದೆ. ಟೈಲರನ್ನು ಸಾಕ್ಷಿಗೆ ಕೂರಿಸಿದೆ. ಅವನಿಗೆ ಈಗೀಗ ಹೊಲಿಯಲು ಹೆಚ್ಚು ಕೆಲಸವಿಲ್ಲ, ನನ್ನ ಅಂಗಡಿಯಲ್ಲೇ ಬಿದ್ದಿರುತ್ತಾನೆ. ಮಧ್ಯಾಹ್ನ ಲೋಟ ಎತ್ತಿ ಕಿಟಕಿಗೆ ಹಿಡಿದು ನೋಡಿದ. ನೀಲಿ ಎಂದ. ಇಲ್ಲ, ಬಿಳಿ ಎಂದೆ. ಸರಿಯಾಗಿ ನೋಡಿ ಅಕ್ಕಾ, ತಿಳಿ ನೀಲಿ, ಮದುವಣಗಿತ್ತಿ ರವಿಕೆಗೆ ಒಳಪದರ ಹಾಕುತ್ತಾರಲ್ಲ ಆ ನೀಲಿ ಎಂದ. ಮದುವಣಗಿತ್ತಿಗೆ ಯಾರಾದರೂ ನೀಲಿ ಒಳಪದರ ಹಾಕುತ್ತಾರೆಯೇ, ಅದಕ್ಕೇ ನಿನ್ನ ಅಂಗಡಿಗೆ ಯಾರೂ ಬರುವುದಿಲ್ಲ ಎಂದೆ. ಅರ್ಧ ಗಂಟೆ ಜಗಳವಾಯಿತು. ಕೊನೆಗೆ ಬೀದಿಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮ್ಯಾನನ್ನು ಕರೆದು ಕೇಳಿದೆವು. ಅವನೂ ನೀಲಿ ಎಂದ. ಸರಿ, ಇಬ್ಬರು ಗಂಡಸರು ಒಂದಾದ ಮೇಲೆ ನಾನೇನು ಹೇಳಲಿ, ನೀಲಿ ಎಂದು ಬರೆದುಕೊ.

ಆದರೆ ನೀಲಿಯಾದರೆ ಸಾಕೇ, ಸಾಯುತ್ತವೆ ಎಂದು ಹೇಗೆ ಗೊತ್ತಾಗಬೇಕು? ಟೈಲರ್ ತನ್ನ ಅಂಗಡಿಯ ಗಾಜಿನ ಬಟ್ಟಲಿನಲ್ಲಿ ಎರಡು ಮೀನು ಸಾಕಿದ್ದಾನೆ. ಒಂದನ್ನು ಸ್ವಲ್ಪ ಹೊತ್ತು ಕೊಡು ಎಂದು ಕೇಳಿದೆ, ಅಷ್ಟೇ. ಬಟ್ಟಲನ್ನು ಎದೆಗವಚಿಕೊಂಡು ಓಡಿದ ನೋಡು, ಆ ವಯಸ್ಸಿನಲ್ಲಿ ಅವನು ಅಷ್ಟು ಜೋರಾಗಿ ಓಡುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ. ಎರಡು ದಿನದಿಂದ ಮೀನುಗಳು ಅವನ ಮನೆಯಲ್ಲಿವೆ. ಅಂಗಡಿಯ ಬಟ್ಟಲಿನಲ್ಲಿ ಈಗ ಗುಂಡಿಗಳನ್ನು ಹಾಕಿಟ್ಟಿದ್ದಾನೆ, ನನ್ನನ್ನು ನೋಡಿದರೆ ಅದನ್ನೂ ಮುಚ್ಚುತ್ತಾನೆ.

ಅದಕ್ಕೆ ಆ ಪರೀಕ್ಷೆ ನಿನಗೇ ಬಿಟ್ಟೆ. ಕೆಂಪು ಪೊಟ್ಟಣದಲ್ಲಿ ಇರುವುದು ಅಂಟು ಸವರಿದ ದಾರದಲ್ಲಿ ಹೊಲಿದ ನಾಲ್ಕು ಪುಸ್ತಕ, ಜೊತೆಗೆ ಒಂದು ಮೊಳ ಅದೇ ದಾರ. ಅದರ ಮೇಲೆ ದೊಡ್ಡದಾಗಿ ವಿಷ ಎಂದು ಬರೆದಿದ್ದೇನೆ. ಬಿಳಿ ಕಾಗದದಲ್ಲಿ ಸುತ್ತಿರುವುದು ಹೊಸ ಪುಸ್ತಕಗಳು. ಹೋದ ಸಲ ಉಳಿದ ಕಾಗದದಲ್ಲಿ ಮೂವತ್ತೆರಡಾದವು, ಎರಡೇ ದಿನದಲ್ಲಿ ಹೊಲಿದದ್ದು. ಅಂಟಿನ ಪಾತ್ರೆಯನ್ನು ಅಂಗಡಿಯಿಂದಲೇ ಆಚೆ ಕಳಿಸಿದ್ದೇನೆ. ಅದು ಟೈಲರನ ಬಳಿ ಇದೆ, ವಾಸನೆ ಎಂದು ಗೊಣಗುತ್ತಾನೆ, ಗೊಣಗಲಿ. ಮೇಜನ್ನು ಸೋಪಿನ ನೀರಿನಲ್ಲಿ ಮೂರು ಸಲ ಉಜ್ಜಿದೆ. ದಬ್ಬಣ, ಸೂಜಿಗಳನ್ನು ಕುದಿಸಿದೆ. ಹೊಸ ದಾರದ ಉಂಡೆ ತಂದು ಕುದಿಸಿ ಒಣಗಿಸಿದೆ, ಹೊಸ ಜೇನುಮೇಣ ಉಜ್ಜಿದೆ. ನನ್ನ ಕೈಯನ್ನು ಕುದಿಸುವುದೊಂದು ಬಾಕಿ. ಉಗುರು ಕತ್ತರಿಸಿದ್ದೇನೆ, ನೀನು ಲ್ಯಾಬಿನಲ್ಲಿ ತೊಡಿಸಿದ್ದ ರಬ್ಬರ್ ಗವಸು ಜೇಬಿನಲ್ಲಿ ಹಾಗೇ ಬಂದುಬಿಟ್ಟಿತ್ತು, ಅದನ್ನೇ ತೊಳೆದು ಹಾಕಿಕೊಂಡೆ. ಮೊಸಳೆಗೆ ಬಳೆ ತೊಡಿಸಿದ ಹಾಗಿತ್ತು ಎಂದು ಟೈಲರ್ ಹೇಳಿದ. ಅವನ ಮಾತು ಬಿಡು.

ಈಗ ನೀನು ಮಾಡಬೇಕಾದದ್ದು. ಪೆಟ್ಟಿಗೆ ನಾಳೆ ಗುರುವಾರ ಮಧ್ಯಾಹ್ನಕ್ಕೆ ನಿನ್ನ ಕೈ ಸೇರುತ್ತದೆ ಎಂದು ಬಸ್ಸಿನ ಪಾರ್ಸೆಲ್ಲಿನವನು ಆಣೆ ಮಾಡಿದ್ದಾನೆ. ಸೇರಿದ ಕೂಡಲೇ ಈ ಪತ್ರ ಹಿಡಿದುಕೊಂಡು ಮೇಡಂ ಬಳಿ ಹೋಗು. ಆ ಕಾಲೇಜಿನವರಿಗೆ ಬರಬೇಡಿ ಎನ್ನಬೇಡಿ ಎಂದು ಹೇಳು. ಅವರಿಗೆ ನಂಬಿಕೆ ಬರದಿದ್ದರೆ ಪತ್ರ ಓದಿಸು, ಮೇಲೆ ಬೆಳ್ಳಿಹುಳದ ವಿಷಯ ಬರೆದಿರುವ ಪುಟದವರೆಗೆ ಸಾಕು, ಅಲ್ಲಿಂದಾಚೆಗೆ ಟೈಲರನ ಜೊತೆ ಜಗಳವಾಡಿದ್ದು ಅವರಿಗೆ ಬೇಡ. ಆಮೇಲೆ ಬಿಳಿಯದನ್ನೂ ಕೆಂಪು ಪೊಟ್ಟಣದ್ದನ್ನೂ ಬೇರೆ ಬೇರೆ ಬಟ್ಟಲಿನಲ್ಲಿ ಒಂದೇ ಹೊತ್ತಿಗೆ ಇಡು. ನಾಲ್ಕು ದಿನ ಕಾಯಿ. ಇಪ್ಪತ್ತೊಂದಕ್ಕೆ ಇನ್ನೂ ದಿನ ಉಳಿಯುತ್ತವೆ. ಬಿಳಿಯದು ಹಸಿರಾಗಿ ಕೆಂಪಿನದು ಕೆಂಪಾದರೆ ಎರಡನ್ನೂ ಆ ಮೇಷ್ಟ್ರುಗಳ ಮುಂದೆ ಇಡು. ಬದುಕಿದವನ್ನು ಮಾತ್ರ ತೋರಿಸಿ ಕೈಮುಗಿದು ಕಳಿಸಬೇಡ, ಸತ್ತವನ್ನೂ ತೋರಿಸು. ಅವರ ಊರಿನಲ್ಲೂ ಯಾರಾದರೂ ಬೈಂಡರ್ ಇರುತ್ತಾನೆ, ಅವನ ಅಂಟಿನ ಪಾತ್ರೆಯಲ್ಲೂ ಮೈಲುತುತ್ತು ಇರುತ್ತದೆ. ಹೇಳದಿದ್ದರೆ ಅವನೂ ನನ್ನ ಹಾಗೆ ಒಳ್ಳೆಯದು ಮಾಡಲು ಹೊರಡುತ್ತಾನೆ. ತಪ್ಪು ಯಾರದು ಎಂದು ಕೇಳಿದರೆ ಬೈಂಡಿಂಗ್ ಅಂಗಡಿಯ ಮುದುಕಿಯದು ಎಂದು ಬರೆ. ಟೈಪ್ ಮಾಡಿಸು. ನನ್ನ ಸುಳ್ಳು ಟೈಪಾದ ಮೇಲೆ ನಿಜವೂ ಟೈಪಾಗಲಿ.

ಮೂವತ್ತೆರಡೂ ಕೆಂಪಾದರೆ? ಆಗ ನಿನ್ನ ವರದಿ ಸರಿ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಆದರೆ ಆಗುವುದಿಲ್ಲ. ಈ ಸಲ ಹೊಲಿಗೆ ಹಾಕಿದ್ದು ನಾನು, ಮೇಣ ಉಜ್ಜಿದ್ದು ನಾನು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೇನೆ. ಒಂದು ನೊಣವನ್ನೂ ಹತ್ತಿರ ಬಿಟ್ಟಿಲ್ಲ.

ನನ್ನ ಮೇಲೆ ಸಿಟ್ಟಿದ್ದರೆ ಫೋನ್ ಮಾಡಿ ಬೈ. ನಡುವೆ ಬಾಯಿ ಹಾಕುವುದಿಲ್ಲ. ಎರಡು ನಿಮಿಷದವರೆಗೆ ಹಾಕುವುದಿಲ್ಲ. ಫೋನನ್ನೂ ಮೆಲ್ಲಗೆ ಇಡುತ್ತೇನೆ, ಮತ್ತೆ ಅಂಟಿಸಲು ಅಂಗಡಿಯಲ್ಲಿ ಅಂಟಿಲ್ಲ. ಇಷ್ಟು ದಿನ ಹೇಳದೆ ಇದ್ದದ್ದನ್ನು ಹೊಟ್ಟೆಗೆ ಹಾಕಿಕೊ ಮಗಳೇ. ಇಷ್ಟೇ ಹೇಳಲು ನನಗೆ ಆರು ಹಾಳೆ ಹಿಡಿಯಿತು. ಇನ್ನೆರಡು ಸೇರಿಸಿದ್ದರೆ ಇದೂ ನಿನ್ನ ಪುಸ್ತಕವೇ ಆಗುತ್ತಿತ್ತು. ಬೆನ್ನು ಹೊಲಿದಿಲ್ಲ, ಹಾಳೆ ಜಾರದ ಹಾಗೆ ನೋಡಿಕೊ.

ಹೊಟ್ಟೆ ತುಂಬ ಊಟ ಮಾಡು. ತೊಳೆದ ಕೊಳವೆಯನ್ನೇ ತೊಳೆಯುವುದು ಬಿಡು. ಆಶೀರ್ವಾದದ ಉಳಿದರ್ಧ ಇಲ್ಲಿದೆ, ತೆಗೆದುಕೊ.

ನಿನ್ನ ಮೇಲೆ ಸಿಟ್ಟಿಲ್ಲದ, ಟೈಲರನ ಮೇಲೆ ಮಾತ್ರ ಇರುವ,
ನಿನ್ನ ಸೋದರತ್ತೆ

ತಾ.ಕ.: ಪೆಟ್ಟಿಗೆಗೆ ದಾರ ಸುತ್ತಿ ಗಂಟು ಹಾಕುವ ಮುಂಚೆ ಇದಷ್ಟನ್ನು ಸೇರಿಸುತ್ತಿದ್ದೇನೆ. ಈ ಹಾಳೆ ಮೇಡಂಗೆ ತೋರಿಸಬೇಡ. ಬೆಳ್ಳಿಹುಳದ ಮಾತು ಸುಳ್ಳು. ಹುಳ ಹುಡುಕಿಕೊಂಡು ಬರುವುದು ಅಂಟನ್ನು, ಬರೀ ದಾರವನ್ನಲ್ಲ. ಅದು ನನಗೆ ಗೊತ್ತಿಲ್ಲದೆ ಇರುತ್ತದೆಯೇ? ಸೂಜಿಯ ಕಣ್ಣು ನನಗೆ ಕಾಣಿಸುವುದಿಲ್ಲ. ಹೋದ ವರ್ಷವೇ ಕಾಣಿಸುತ್ತಿರಲಿಲ್ಲ. ನೀನು ಪಕ್ಕದಲ್ಲಿ ಕೂತು ಪೋಣಿಸಿಕೊಟ್ಟೆ, ಹಾಗಾಗಿ ಗೊತ್ತಾಗಲಿಲ್ಲ. ಈ ಸಲ ಒಬ್ಬಳೇ ಕೂತಾಗ ದಾರದ ತುದಿ ನೆಟ್ಟಗೆ ನಿಂತರೆ ತಡಕಿ ತಡಕಿಯಾದರೂ ತೂರಿಸಬಹುದು ಎಂದು ಅಂಟಿನಲ್ಲಿ ಅದ್ದಿದೆ. ಆಮೇಲೆ ತುದಿ ಯಾವುದು, ನಡು ಯಾವುದು ಎಂದೂ ಕಾಣದೆ ಇಡೀ ದಾರಕ್ಕೆ ಸವರಿದೆ. ನೀನು ಫೋನಿನಲ್ಲಿ ಕೇಳಿದಾಗ ಸಿಟ್ಟು ಬಂದದ್ದು ಅದಕ್ಕೆ. ಲ್ಯಾಬಿನಲ್ಲಿ ಹಸಿರು ನೋಡಿದೆ ಎಂದದ್ದೂ ಸುಳ್ಳು. ನಾನು ನೋಡಿದ್ದು ನನ್ನ ರೆಪ್ಪೆಗೂದಲು. ಅಕ್ಷರ ದಪ್ಪಗಿರುವುದು ಯಾಕೆ ಎಂದು ಇನ್ನು ಹೇಳಬೇಕಾಗಿಲ್ಲ. ಈ ಮೂವತ್ತಾರು ಪುಸ್ತಕಕ್ಕೂ ದಾರ ಪೋಣಿಸಿದ್ದು ಟೈಲರ್. ಯಾರಿಗೂ ಹೇಳುವುದಿಲ್ಲ ಎಂದು ತನ್ನ ಮೀನುಗಳ ಮೇಲೆ ಆಣೆ ಮಾಡಿದ್ದಾನೆ. ಕಣ್ಣಿನ ಡಾಕ್ಟರ ಬಳಿ ನಾನು ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾನೆ. ಅವನ ಜೊತೆ ಹೋದರೆ ದಾರಿಯಲ್ಲೇ ಜಗಳ. ಇಪ್ಪತ್ತೊಂದು ಮುಗಿದ ಮೇಲೆ ನೀನೇ ಬಾ. ದೊಡ್ಡ ಕಣ್ಣಿನ ಸೂಜಿ ಗೀಜಿ ಎಂದು ಏನೂ ತರಬೇಡ. ಬಂದು ಆ ಹಳೆಯ ಜಾಗದಲ್ಲಿ ಕೂತು, ಇರುವ ಸೂಜಿಗಳಿಗೆಲ್ಲ ದಾರ ಪೋಣಿಸಿಟ್ಟು ಹೋಗು.